ಬ್ಯಾಂಡು ಕಳಿಸಿ ನೀರು ತಂದ ಅಧ್ಯಕ್ಷೆ

ಸಾನ್ ಪಾಸ್ಕುವಾಲ್ ಊರಿನ ಬ್ಯಾಂಡಿನಲ್ಲಿ ಟ್ಯೂಬಾ ಊದುವವನು ನಾನು, ಬೊನಿಫಾಸಿಯೊ. ಟ್ಯೂಬಾ ಎಂದರೆ ಹಿತ್ತಾಳೆ ವಾದ್ಯಗಳಲ್ಲೆಲ್ಲ ದೊಡ್ಡದು. ಹೊರಲು ಎತ್ತಿನ ಹೆಗಲು ಬೇಕು, ಊದಲು ಒಂದು ಬೆಟ್ಟದಷ್ಟು ಗಾಳಿ ಬೇಕು. ನಾನು ಕೆಳಗಿನ ಸ್ವರ ಹಿಡಿದರೆ ಅಷ್ಟು ದೂರದ ವಹಾಕಾ ಪಟ್ಟಣದಲ್ಲಿ ಕಿಟಕಿಯ ಗಾಜು ನಡುಗುತ್ತದೆ, ಗಬ್ಬದ ಹಸು ದಿನ ತುಂಬುವ ಮೊದಲೇ ಕರು ಹಾಕುತ್ತದೆ. ಸುಳ್ಳು ಎಂದು ಯಾರಾದರೂ ನಿಮಗೆ ಹೇಳಿದ್ದರೆ ಅವರು ದಿಣ್ಣೆಯಾಚೆಯ ಸಾಂತಾ ಆಗೆದಾ ಊರಿನವರೇ ಇರಬೇಕು. ಆದರೆ ಈಗ ಹೇಳಹೊರಟಿದ್ದು ನನ್ನ ಕತೆಯಲ್ಲ, ನಮ್ಮ ಅಧ್ಯಕ್ಷೆ ದೋನ್ಯಾ ಎಲ್ಪಿದಿಯಾ ಅವರದು. ನಡುನಡುವೆ ಟ್ಯೂಬಾ ತಲೆ ಹಾಕಿದರೆ ಅದರ ಗಾತ್ರವನ್ನು ಬೈಯಿರಿ, ನನ್ನನ್ನಲ್ಲ.

ನಮ್ಮಲ್ಲಿ ಅಧ್ಯಕ್ಷಗಿರಿಗೆ ಯಾರೂ ನಿಲ್ಲುವುದಿಲ್ಲ, ತಪ್ಪಿಸಿಕೊಂಡು ಓಡುತ್ತಾರೆ. ವರ್ಷದ ಕೊನೆಗೆ ಊರ ಸಭೆ ಸೇರುತ್ತದೆ, ಯಾರೋ ಒಂದು ಹೆಸರು ಕೂಗುತ್ತಾರೆ, ಕೈಗಳು ಮೇಲೇಳುತ್ತವೆ, ಅಲ್ಲಿಗೆ ಮುಗಿಯಿತು. ಸಂಬಳವಿಲ್ಲ, ಒಲ್ಲೆ ಎನ್ನುವಂತೆಯೂ ಇಲ್ಲ. ವರ್ಷವಿಡೀ ನಿಮ್ಮ ಕಾಫಿ ತೋಟವನ್ನು ಕಳೆ ತಿನ್ನುತ್ತದೆ, ನಿಮ್ಮ ಕೋಳಿಗಳನ್ನು ಪಟ್ಟಣದಿಂದ ಬಂದ ಅಧಿಕಾರಿಗಳು ತಿನ್ನುತ್ತಾರೆ. ಹಿಂದೊಬ್ಬ, ತನ್ನ ಹೆಸರು ಕೂಗಿದಾಗ ಎಷ್ಟು ಅತ್ತನೆಂದರೆ ಚೌಕದ ಕಲ್ಲುಸಂದಿಯಲ್ಲಿ ಹುರುಳಿಕಾಯಿ ಬಳ್ಳಿ ಮೊಳೆತು ಹಬ್ಬಿತು. ನಾನೇ ಕಾಯಿ ಕಿತ್ತು ಪಲ್ಯ ಮಾಡಿಸಿದೆ.

ಆ ಹುದ್ದೆಗೂ ನೆಗೆದು ಏರುವಂತಿಲ್ಲ. ತೀರ ಕೆಳಗಿನ ಕಾವಲುಗಾರನ ಕೋಲಿನಿಂದ ಶುರುಮಾಡಬೇಕು. ಎಲ್ಪಿದಿಯಾ ಶುರುಮಾಡಿದ್ದೂ ಹಾಗೆಯೇ, ಅದೂ ಗಂಡ ಸಿಲ್ವಾನೊನ ಸರದಿಯಲ್ಲಿ. ಅವನು ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. "ಹೆಂಗಸು ಕಾವಲು ಕಾಯ್ತಾಳಂತೆ!" ಎಂದು ಚೌಕದಲ್ಲಿ ನಕ್ಕವರಲ್ಲಿ ನನ್ನ ದನಿಯೇ ದೊಡ್ಡದು. ಮುಂದಿನ ಭಾನುವಾರ ನಾನು ತುಸು ಮೆಸ್ಕಾಲ್ ಸಾರಾಯಿ ಹಾಕಿಕೊಂಡು, ಪಾದ್ರಿ ಪ್ರವಚನ ಹೇಳುತ್ತಿದ್ದಾಗ ಚರ್ಚಿನ ಕಿಟಕಿಗೆ ಟ್ಯೂಬಾ ಇಟ್ಟು ಮದುವೆಯ ಹಾಡು ಊದಿದೆ. ಆಕೆ ಬಂದರು. ನನ್ನನ್ನು ಎತ್ತಲು ಒಂದು ಪಟಾಲಮ್ಮು ಬೇಕು. ಅವರೊಬ್ಬರೇ ರಟ್ಟೆ ಹಿಡಿದು ಎಳೆದೊಯ್ದು ನನ್ನನ್ನೊಂದು ಕೋಣೆಗೆ, ಟ್ಯೂಬಾವನ್ನು ಇನ್ನೊಂದು ಕೋಣೆಗೆ ಹಾಕಿ ಬೀಗ ಜಡಿದರು. ಬೆಳಿಗ್ಗೆ ನನ್ನಿಂದ ಇಡೀ ಚೌಕ ಗುಡಿಸಿಸಿದರು. ಆಮೇಲೆ, ಅದೇ ಪೊರಕೆ ನನ್ನ ಕೈಯಲ್ಲಿರುವಾಗಲೇ, "ನನ್ನ ಮಗಳ ದೀಕ್ಷಾಸ್ನಾನಕ್ಕೆ ನೀವೇ ಧರ್ಮಪಿತ ಆಗ್ಬೇಕು," ಎಂದರು.

"ನಾನಾ? ನಿನ್ನೆ ತಾನೇ ಬೀಗ ಹಾಕಿದ್ರಲ್ಲಾ!"

"ಅದಕ್ಕೇ. ಇನ್ನೊಂದು ಸಲ ಹಾಕೋವಾಗ ಮನೆಯೋರು ಅನ್ನೋ ಹಕ್ಕಿನಿಂದ ಹಾಕ್ತೀನಿ."

ಅಂದಿನಿಂದ ಅವರು ನನಗೆ ಕೊಮಾದ್ರೆ, ನಾನವರಿಗೆ ಕೊಂಪಾದ್ರೆ. ಅಣ್ಣತಂಗಿಯರಿಗಿಂತ ಗಟ್ಟಿಯಾದ ನೆಂಟಸ್ತಿಕೆ ಅದು, ಜಗಳವಾಡಿದರೂ ಬಹುವಚನದಲ್ಲೇ ಆಡಬೇಕು.

ಕೋಲು ಕೆಳಗಿಟ್ಟ ಮೇಲೆ ಶಾಲೆಯ ಅಡುಗೆ ಸಮಿತಿ, ರಸ್ತೆ ಸಮಿತಿ, ಚರ್ಚಿನ ಹೂವು, ಖಜಾನೆ, ಯಾವುದಕ್ಕೂ ಇಲ್ಲ ಎನ್ನದೆ ವರ್ಷ ಬಿಟ್ಟು ವರ್ಷ ಮಾಡಿದರು. ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ, "ಗಿರಣಿ ಮುಂದೆ ಜೋಳ ಹಿಡ್ಕೊಂಡು ನಿಲ್ಲಲ್ವಾ ಕೊಂಪಾದ್ರೆ? ಸರದಿ ಬಂದಾಗ ಬೀಸಿಸ್ಕೊಂಡು ಹೋಗೋದು. ಗಿರಣಿ ನಂದು ಅಂತ ಅಲ್ಲೇ ಕೂತ್ಕೊಂಡ್ರೆ ಹಿಂದಿರೋರಿಗೆ ರೊಟ್ಟಿ ಎಲ್ಲಿಂದ ಬರ್ತದೆ?" ಎನ್ನುತ್ತಿದ್ದರು. ಅವರ ರಾಜಕೀಯವೆಲ್ಲ ಇಷ್ಟೇ. ಇದಕ್ಕಿಂತ ಹೆಚ್ಚನ್ನು ನಾನು ಯಾವ ಮಂತ್ರಿಯ ಬಾಯಲ್ಲೂ ಕೇಳಿಲ್ಲ, ಮಂತ್ರಿಗಳು ನನ್ನ ಟ್ಯೂಬಾ ಕೇಳಲೆಂದೇ ಸಾಲುಗಟ್ಟಿ ಬರುತ್ತಾರಾದರೂ.

ಅವರಿಗೆ ಅಧ್ಯಕ್ಷಗಿರಿ ಬಂದದ್ದು ಕೆಟ್ಟ ವರ್ಷದಲ್ಲಿ. ಹಿಂದಿನ ಭೂಕಂಪಕ್ಕೆ ನಮ್ಮ ಒರತೆ ಮುನಿಸಿಕೊಂಡು ಬೆಟ್ಟದೊಳಗೆ ಎಲ್ಲೋ ಹೊರಳಿ ಮಲಗಿತ್ತು. ಊರ ತೊಟ್ಟಿಯಲ್ಲಿ ಹಲ್ಲಿಗಳು ಸಂಸಾರ ಹೂಡಿದವು. ಕುಡಿಯುವ ನೀರಿಗೆ ಕಮರಿಗಿಳಿಯಬೇಕು. ಹತ್ತುವಾಗ ಎಷ್ಟು ಕಡಿದೆಂದರೆ ಮೂಗು ಮುಂದಿನವರ ಹಿಮ್ಮಡಿಗೆ ತಾಗುತ್ತದೆ. ಹೊತ್ತು ತಂದವರು ದಾರಿಯಲ್ಲೇ ಅರ್ಧ ಕುಡಿದು ಮನೆ ಮುಟ್ಟುತ್ತಿದ್ದರು.

ಮೊದಲನೆಯ ಸಭೆಯಲ್ಲೇ ಕೆಳಗಿನ ಕೇರಿಯ ಹಿರಿಯ ದೋನ್ ತೌರೀನೊ ಎದ್ದು ನಿಂತ. "ನಮ್ಮ ಕೇರಿಯೋರು ಮಾತಾಡ್ಕೊಂಡಿದೀವಿ. ಮೇ ತಿಂಗಳಲ್ಲಿ ನಮ್ಮ ಸಂತನ ಹಬ್ಬ ಮುಗಿಸ್ತೀವಿ. ಅಷ್ಟರೊಳಗೆ ನೀರು ಬರದಿದ್ರೆ ಮಾರನೇ ದಿನ ಗಂಟು ಕಟ್ಕೊಂಡು ಬಯಲುಸೀಮೆಗೆ ಇಳೀತೀವಿ. ಯಾರೂ ತಡೀಬೇಡಿ."

ಕೆಳಗಿನ ಕೇರಿ ಹೋದರೆ ಶಾಲೆಯ ಅರ್ಧ ಮಕ್ಕಳು ಹೋಗುತ್ತಾರೆ, ಶಾಲೆ ಮುಚ್ಚುತ್ತದೆ, ಶಾಲೆ ಮುಚ್ಚಿದರೆ ಉಳಿದವರೂ ಇಳಿಯುತ್ತಾರೆ. ಬ್ಯಾಂಡಿನ ಕ್ಲಾರಿನೆಟ್‌ಗಳೆಲ್ಲ ಆ ಕೇರಿಯವೇ. ಕ್ಲಾರಿನೆಟ್ ಇಲ್ಲದ ಬ್ಯಾಂಡಿನಲ್ಲಿ ಟ್ಯೂಬಾ ಒಂದೇ ಊದಿದರೆ ಅದು ಹಡಗು ಹೊರಟ ಹಾಗಿರುತ್ತದೆ.

ನೀರು ಇರಲಿಲ್ಲವೆಂದಲ್ಲ. ದಿಣ್ಣೆಯಾಚೆ, ನಮಗಿಂತ ಎತ್ತರದಲ್ಲಿ, ಸಾಂತಾ ಆಗೆದಾದವರಿಗೆ ಎರಡು ಒರತೆ. ಒಂದನ್ನು ಕುಡಿಯುತ್ತಾರೆ, ಇನ್ನೊಂದನ್ನು ಕಮರಿಗೆ ಬೀಳಲು ಬಿಟ್ಟಿದ್ದಾರೆ. ಆದರೆ ಅವರಿಗೂ ನಮಗೂ ಒಂದು ಗಡಿಕಲ್ಲಿನ ಮೇಲೆ ಅಜ್ಜಂದಿರ ಕಾಲದಿಂದ ಜಗಳ. ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಅವರ ಕತ್ತೆ ನಮ್ಮ ಕತ್ತೆಯನ್ನು ಕಂಡರೆ ಮುಖ ತಿರುಗಿಸುತ್ತದೆ. ಹಿಂದಿನ ಅಧ್ಯಕ್ಷರೆಲ್ಲ ಪಟ್ಟಣಕ್ಕೆ ಅರ್ಜಿ ಹೊತ್ತು ಹೊತ್ತು ಟೋಪಿ ಸವೆಸಿದರು. ಒಬ್ಬನಂತೂ ನೀರು ಬರುವ ಮೊದಲೇ ಕರೀ ಪೈಪು ತರಿಸಿ ಸುರುಳಿ ಸುತ್ತಿ ಕಚೇರಿಯ ಹಿಂದೆ ಇಟ್ಟು ಹೋದ. ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ಎಲ್ಪಿದಿಯಾ ಅರ್ಜಿ ಬರೆಯಲಿಲ್ಲ. ಫೆಬ್ರವರಿಯಲ್ಲಿ ಬರುವ ದಿಣ್ಣೆಯಾಚೆಯವರ ಹಬ್ಬ ಹತ್ತಿರವಾದಾಗ ಬ್ಯಾಂಡಿನವರನ್ನು ಕಚೇರಿಗೆ ಕರೆದು ಹೇಳಿದರು: "ಈ ಸಲ ಆಗೆದಾ ಹಬ್ಬಕ್ಕೆ ನೀವು ಹೋಗ್ತೀರಿ."

ಬ್ಯಾಂಡ್ ಮೇಷ್ಟ್ರು ಅರ್ನುಲ್ಫೊ ಅವರ ಕೈಯಿಂದ ತಾಳದ ಕೋಲು ಜಾರಿತು. "ಕರೆದಿದಾರಾ?"

"ಇಲ್ಲ."

"ಕರೀದೇ ಹೋಗೋದಾ ತಾಯೀ?"

"ಗೊಸೋನಾಕ್ಕೆ ಕರೆಯೋದು ಬೇಕಾ ಮೇಷ್ಟ್ರೇ? ನಮ್ಮ ಬ್ಯಾಂಡು ಅವರ ಹಬ್ಬಕ್ಕೆ ಊದ್ತದೆ, ಅವರ ಬ್ಯಾಂಡು ನಮ್ಮ ಹಬ್ಬಕ್ಕೆ ಬಂದು ಊದಿ ಋಣ ತೀರಿಸ್ತದೆ. ಈ ಬೆಟ್ಟದಲ್ಲಿ ಯಾವ ಊರೂ ಗೊಸೋನಾ ಉಳಿಸ್ಕೊಂಡಿಲ್ಲ. ಮೊದಲು ಯಾರಾದರೂ ಊದ್ಬೇಕು, ಅಷ್ಟೇ."

ನಾನು ಬಾಯಿ ಹಾಕಿದೆ. "ಕೊಮಾದ್ರೆ, ಅವರು ನನ್ನ ಟ್ಯೂಬಾದೊಳಗೆ ಹಂದಿಮರಿ ತುರುಕ್ತಾರೆ!"

"ತುರುಕ್ಲಿ ಕೊಂಪಾದ್ರೆ, ಸ್ವರ ಸುಧಾರಿಸಬಹುದು." ಆಮೇಲೆ ನಗು ನಿಲ್ಲುವವರೆಗೂ ಕಾದು, ಒಬ್ಬೊಬ್ಬರ ಮುಖವನ್ನೂ ನೋಡಿದರು. "ಒಂದು ಮಾತು. ನೀರಿನ ಸುದ್ದಿ ಯಾರೂ ಎತ್ತಬಾರದು. ಹಬ್ಬದ ಮನೆಗೆ ಹೋಗಿ ಕೈ ಚಾಚೋ ಬ್ಯಾಂಡು ನಮ್ಮದಲ್ಲ. ಊದೋದು, ಉಣ್ಣೋದು, ಬರೋದು."

ದಿಣ್ಣೆ ದಾಟಿ ಹೋದೆವು. ಆಗೆದಾದ ಚೌಕದಲ್ಲಿ ಅವರ ಅಧ್ಯಕ್ಷ ದೋನ್ ಕ್ಲೆಟೊ ಚರ್ಚಿನ ಮೆಟ್ಟಿಲ ಮೇಲೆ ಅಧಿಕಾರದ ದಂಡ ಹಿಡಿದು ನಿಂತಿದ್ದ, ಮೀಸೆ ಎರಡೂ ಕಡೆ ನಮ್ಮನ್ನೇ ತಿವಿಯುವಂತೆ. ನಾವು ಸಾಲಾಗಿ ನಿಂತು ಒಂದು ಕುಣಿತದ ಹಾಡು ಹಿಡಿದೆವು. ನಾನು ಊದಿದ ಮೊದಲ ಸ್ವರಕ್ಕೆ ಚರ್ಚಿನ ಗಂಟೆ ತಾನಾಗಿ ಬಡಿಯಿತು. ನೋಡಿದವರಿದ್ದಾರೆ. ಹಾಡು ಮುಗಿದರೂ ಚಪ್ಪಾಳೆ ಇಲ್ಲ.

ಕ್ಲೆಟೊ ಇಳಿದು ಬಂದ. "ಯಾರು ಕರೆದದ್ದು ನಿಮ್ಮನ್ನ?"

"ಸಾಂತಾ ಆಗೆದಾ," ಎಂದರು ನಮ್ಮ ಜೊತೆಗೇ ಬಂದಿದ್ದ ಎಲ್ಪಿದಿಯಾ. ಊರಿಗೂ ಹಬ್ಬದ ಸಂತ ತಾಯಿಗೂ ಅದೇ ಹೆಸರಲ್ಲವೇ. ಯಾರಿಂದ ಕರೆ ಬಂತೆಂದು ಅವನು ಯಾರನ್ನು ಕೇಳಬೇಕು?

"ನಾಟಕ ಬೇಡ ಕಣಮ್ಮಾ. ಊದಿದ್ದಾಯ್ತಲ್ಲ, ಬಂದ ದಾರಿ ಹಿಡೀರಿ. ನಮ್ಮೂರಲ್ಲಿ ನಿಮಗೆ ಒಂದು ತೋರ್ತಿಯಾ ರೊಟ್ಟಿನೂ..."

"ಇಲ್ಲ" ಎನ್ನುವ ಮಾತು ಅವನ ಬಾಯಲ್ಲೇ ಉಳಿಯಿತು. ಏಕೆಂದರೆ ಅಷ್ಟರಲ್ಲಿ ನಮ್ಮೆಲ್ಲರ ಕೈಯಲ್ಲೂ ಬಿಸಿ ಸಾರಿನ ಬಟ್ಟಲು ಬಂದಿತ್ತು. ಅಡುಗೆಯ ಹೆಂಗಸರು ಬ್ಯಾಂಡಿನ ಸದ್ದು ಕೇಳಿದ ತಕ್ಷಣ ತಲೆ ಎಣಿಸಿ ಪಾತ್ರೆಗೆ ಇನ್ನಷ್ಟು ಕೋಳಿ ಇಳಿಸಿದ್ದರು. ಯಾವ ಊರಿನ ಬ್ಯಾಂಡೆಂದು ಯಾರೂ ವಿಚಾರಿಸಿರಲಿಲ್ಲ. ನಮ್ಮ ಬೆಟ್ಟದ ಅಡುಗೆಮನೆಗಳಲ್ಲಿ ಹಾಗೆಲ್ಲ ವಿಚಾರಿಸುವ ರೂಢಿಯೇ ಇಲ್ಲ. ಬ್ಯಾಂಡು ಬಂತೆಂದರೆ ಕೈ ತಾನಾಗಿ ಸೌಟಿಗೆ ಹೋಗುತ್ತದೆ.

"ನಿಂಫಾ! ಇವರು ಪಾಸ್ಕುವಾಲಿನೋರು!" ಎಂದು ಕ್ಲೆಟೊ ಕಿರುಚಿದ.

ಅಡುಗೆಯ ಮುಖ್ಯಸ್ಥೆ ದೋನ್ಯಾ ನಿಂಫಾ ಸೌಟು ಹಿಡಿದೇ ಹೊರಗೆ ಬಂದರು. ನನ್ನತ್ತ ನೋಡಿದರು. ನಾನು ಆಗಲೇ ಕೋಳಿಕಾಲು ಅರ್ಧ ಮುಗಿಸಿದ್ದೆ. "ಬಾಯಲ್ಲಿರೋದನ್ನ ಕಿತ್ಕೊಳ್ಳಲಾ ದೋನ್ ಕ್ಲೆಟೊ? ನೀವೇ ಕಿತ್ಕೊಳ್ಳಿ, ನನ್ನ ಕೈಲಾಗಲ್ಲ."

ಉಂಡವರನ್ನು ಓಡಿಸುವ ಹಾಗಿಲ್ಲ. ಕ್ಲೆಟೊ ದಂಡವನ್ನು ನೆಲಕ್ಕೆ ಕುಟ್ಟಿ, "ಹಂಗಾದ್ರೆ ಕುಣಿಯೋ ಹಾಡು ಊದಿ, ತಿಂದಿದ್ದಕ್ಕಾದ್ರೂ!" ಎಂದ. ಊದಿದೆವು. ಚೌಕದ ಮಣ್ಣು ಮೊಣಕಾಲಿನ ತನಕ ಸವೆಯುವಷ್ಟು ಕುಣಿದರು.

ನೀರಿನ ಮಾತನ್ನು ನಾವು ಎತ್ತಲಿಲ್ಲ, ದೇವರಾಣೆ. ಆದರೆ ಮೆಸ್ಕಾಲ್ ಹಿಡಿದು ಬಂದವನನ್ನು ದಾಟಿ ನಾನು ನೀರಿನ ಮಡಕೆಯ ಹತ್ತಿರ ಹೋಗುತ್ತಿದ್ದೆ, ಮತ್ತೆ ಹೋಗುತ್ತಿದ್ದೆ. ಕೊನೆಗೆ ದೋನ್ಯಾ ನಿಂಫಾ ಸೊಂಟಕ್ಕೆ ಕೈಯಿಟ್ಟು ನಿಂತರು. "ಏನಪ್ಪಾ ಟ್ಯೂಬಾ, ನಿಮ್ಮೂರಲ್ಲಿ ಮೆಸ್ಕಾಲ್ ಕುಡಿಯೋದು ಬಿಟ್ಬಿಟ್ರಾ?"

"ನಮ್ಮೂರ ನೀರು ಜೇನಿಗಿಂತ ಸಿಹಿ ದೋನ್ಯಾ. ನಿಮ್ಮದು ಹೆಂಗಿದೆ ಅಂತ ರುಚಿ ನೋಡ್ತಿದೀನಿ."

"ಮಡಕೆ ತಳ ಕಂಡ್ರೂ ರುಚಿ ತಿಳೀಲಿಲ್ವಾ?"

ನಾನು ಇನ್ನೊಂದು ಸುಳ್ಳಿಗೆ ಬಾಯಿ ತೆರೆದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ಬೆಂಚಿನ ಮೇಲಿತ್ತು. ನಮ್ಮ ಕ್ಲಾರಿನೆಟ್ ಹುಡುಗಿಯರು ಊಟ ಮುಗಿಸಿ, ಬಟ್ಟಲಿಗೆ ಒಂದು ಗುಟುಕು ನೀರು ಹಾಕಿ, ಬೆರಳಿನಿಂದ ತೊಳೆದು, ತೊಳೆದ ನೀರನ್ನೇ ಕುಡಿಯುತ್ತಿದ್ದರು. ಮನೆಯಲ್ಲಿ ದಿನವೂ ಮಾಡುವುದನ್ನು ಇಲ್ಲೂ ಮಾಡಿದರು, ಅಷ್ಟೇ. ಪಕ್ಕದಲ್ಲೇ ತುಂಬಿದ ತೊಟ್ಟಿಯಿತ್ತು. ದೋನ್ಯಾ ನಿಂಫಾ ಒಳಗೆ ಹೋಗಿ ಇನ್ನೊಂದು ಮಡಕೆ ತಂದಿಟ್ಟರು.

ಹಿಂದಿರುಗುವಾಗ ಎಲ್ಪಿದಿಯಾ, "ಬಾಯಿ ಮುಚ್ಕೊಂಡಿರಿ ಅಂದಿದ್ದೆ. ನೀವು ಎತ್ತಿನ ಥರ ಕುಡಿದು ಇಡೀ ಊರಿಗೆ ಸಾರಿದ್ರಿ," ಎಂದು ಗದರಿದರು. ಆದರೆ ಅವರೇನೂ ಸಿಟ್ಟಾಗಿರಲಿಲ್ಲ.

ಮೇ ತಿಂಗಳು ಬಂತು. ಮಳೆ ಬರುವ ಯೋಚನೆಯನ್ನೇ ಮಾಡಿರಲಿಲ್ಲ. ಆಗೆದಾದ ಬ್ಯಾಂಡು ಗೊಸೋನಾ ತೀರಿಸಲು ಬಂದೇ ಬರುತ್ತದೆ, ಅಷ್ಟು ಜನಕ್ಕೆ ಸಾರು ಕುದಿಸಲು ನೀರೆಲ್ಲಿ? "ಮರ್ಯಾದೆ ಪ್ರಶ್ನೆ. ಕಮರಿಯಿಂದ ಹೊತ್ತು ತೊಟ್ಟಿ ತುಂಬಿಸಿಡೋಣ, ನೀರು ಬೇಕಾದಷ್ಟಿದೆ ಅಂತ ತೋರಿಸೋಣ," ಎಂದರು ಖಜಾಂಚಿ.

"ಹೊರೋಣ, ಸಾರಿಗೆ ಬೇಕು," ಎಂದರು ಎಲ್ಪಿದಿಯಾ. "ತೋರಿಸೋಕೆ ಬೇಡ. ಇಲ್ಲದ್ದನ್ನ ಇದೆ ಅಂತ ತೋರಿಸಿದ್ರೆ, ಆಮೇಲೆ ಕೇಳೋಕೆ ಬಾಯಿ ಎಲ್ಲಿರ್ತದೆ?"

ಅಧ್ಯಕ್ಷೆಯೇ ಮೊದಲು ಕೊಡ ಹೊತ್ತು ಇಳಿದರು. ನಾನೂ ಹೊತ್ತೆ. ನಾನು ಹೊತ್ತದ್ದಕ್ಕೆ ಕಮರಿ ಖಾಲಿಯಾಗಿ ಮೀನುಗಳು ನಡೆದುಕೊಂಡು ಹೋಗಬೇಕಾಯಿತು.

ಹಬ್ಬದ ದಿನ ದಿಣ್ಣೆಯ ಮೇಲೆ ಅವರ ಬ್ಯಾಂಡು ಕಾಣಿಸಿತು. ಬ್ಯಾಂಡಿನ ಹಿಂದೆ ಹೇಸರಗತ್ತೆಗಳ ಸಾಲು, ಒಂದೊಂದರ ಎರಡೂ ಪಕ್ಕಕ್ಕೆ ತುಂಬಿದ ನೀರಿನ ಕ್ಯಾನುಗಳು. ಅವುಗಳ ಪಕ್ಕ ದೋನ್ಯಾ ನಿಂಫಾ ಮತ್ತು ಅಡುಗೆಯ ಹೆಂಗಸರು. ಎಲ್ಲರಿಗಿಂತ ಹಿಂದೆ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಆಕಾಶ ನೋಡುತ್ತ ದೋನ್ ಕ್ಲೆಟೊ.

"ಇದು ಹೆಂಗಸರ ಕೆಲಸ," ಎಂದ. "ನಾನು ಹೇಳಿದ್ದಲ್ಲ."

"ಹಬ್ಬಕ್ಕೆ ಬರಿಗೈಲಿ ಬರೋಕಾಗ್ತದಾ?" ಎಂದರು ನಿಂಫಾ. "ಕೆಲವರು ಹೂವು ತರ್ತಾರೆ. ನಾವು ಇದು ತಂದ್ವಿ. ಎಲ್ಲಿ ಸುರೀಲಿ?"

ನಮ್ಮ ಹೆಂಗಸರು ತೊಟ್ಟಿ ತೋರಿಸಿದರು. ನೀರು ಬೀಳುವ ಸದ್ದಿಗೆ ಕೆಳಗಿನ ಕೇರಿಯ ದೋನ್ ತೌರೀನೊ ಟೋಪಿ ತೆಗೆದು ನಿಂತುಬಿಟ್ಟ.

ಊಟಕ್ಕೆ ಕೂತಾಗ ಎಲ್ಪಿದಿಯಾ ಮೊದಲ ಸಲ ನೀರಿನ ಮಾತೆತ್ತಿದರು. ಕಮರಿಗೆ ಬೀಳುವ ಒರತೆಯಲ್ಲಿ ಅರ್ಧ ಬೇಕೆಂದು ನೇರವಾಗಿ ಕೇಳಿದರು. ಕ್ಲೆಟೊ ರೊಟ್ಟಿ ಕೆಳಗಿಟ್ಟ. "ನಾನು ಹೂಂ ಅಂದ್ರೆ ನಮ್ಮ ಸಭೆಯೋರು ನನ್ನ ಚರ್ಮ ಸುಲಿದು ಡೋಲಿಗೆ ಹೊದಿಸ್ತಾರೆ ಕಣಮ್ಮಾ."

"ನಿಮ್ಮನ್ನ ಕೇಳ್ತಿಲ್ಲ. ನಿಮ್ಮ ಸಭೇಲಿ ಕೇಳೋಕೆ ನಂಗೆ ಜಾಗ ಕೊಡಿ."

ಕ್ಲೆಟೊ ಮುಂದಿನ ಭಾನುವಾರದ ಸಭೆಗೆ ಬರಹೇಳಿದ. ತೌರೀನೊ ಆ ಭಾನುವಾರದ ತನಕ ಗಂಟು ಕಟ್ಟುವುದನ್ನು ಮುಂದೂಡಿದ. ಮನೆಯ ಛಾವಣಿಯ ತಗಡುಗಳನ್ನು ಮಾತ್ರ ಆಗಲೇ ಬಿಚ್ಚಿ ಜೋಡಿಸಿಟ್ಟಿದ್ದ.

ಭಾನುವಾರ ಆಗೆದಾದ ಚೌಕದಲ್ಲಿ ಇಡೀ ಊರು ಸೇರಿತ್ತು. ಎಲ್ಪಿದಿಯಾ ತಮ್ಮ ಅಧಿಕಾರದ ದಂಡವನ್ನು ಗೋಡೆಗೊರಗಿಸಿ ಬರಿಗೈಯಲ್ಲಿ ನಿಂತರು.

"ಗಡಿಕಲ್ಲಿನ ಕೇಸು ಕೋರ್ಟಲ್ಲಿದೆ, ಅಲ್ಲೇ ಇರ್ಲಿ. ನಾನು ನೆಲ ಕೇಳೋಕೆ ಬಂದಿಲ್ಲ. ನಿಮಗೆ ಬೇಡದೆ ಕಮರಿಗೆ ಬೀಳ್ತಿರೋ ನೀರಲ್ಲಿ ಅರ್ಧ ಕೇಳೋಕೆ ಬಂದಿದೀನಿ. ಪೈಪು ನಮ್ಮದು, ಅಗೆಯೋ ಕೈ ನಮ್ಮದು. ಪ್ರತಿ ಬೇಸಿಗೆ ನಿಮ್ಮ ಮೇಲಿನ ದಾರಿನೂ ನಾವೇ ಬಂದು ಸರಿಮಾಡಿ ಕೊಡ್ತೀವಿ."

ಹಿಂದಿನಿಂದ ಒಬ್ಬ ಎದ್ದ. "ಬರೋ ಜನವರಿಗೆ ನೀನು ಅಧ್ಯಕ್ಷೆ ಇರಲ್ಲ. ನಿನ್ನ ಜಾಗಕ್ಕೆ ಬಂದವನು ದಾರಿ ಗೀರಿ ಗೊತ್ತಿಲ್ಲ ಅಂದ್ರೆ? ನಿನ್ನ ಮಾತಿಗೆ ಯಾರಮ್ಮಾ ಹೊಣೆ?"

ಚೌಕ ಗುಜುಗುಟ್ಟಿತು. ಸರಿಯಾದ ಪ್ರಶ್ನೆಯೇ. "ನಿಜ, ನಾನಿರಲ್ಲ," ಎಂದರು ಎಲ್ಪಿದಿಯಾ. "ನಿಮಗೆ ನಂಬಿಕೆ ಬರೋ ಹೊಣೆ ಯಾವುದು ಅಂತ ನೀವೇ ಹೇಳಿ. ನಾವು ಒಪ್ಕೊಳ್ತೀವಿ."

ಎದ್ದವರು ದೋನ್ಯಾ ನಿಂಫಾ. "ನಾನು ಹೇಳ್ತೀನಿ. ಪ್ರತಿ ವರ್ಷ ನಮ್ಮ ಹಬ್ಬಕ್ಕೆ ಇವರ ಬ್ಯಾಂಡು ಬರ್ಬೇಕು, ನಮ್ಮ ಬ್ಯಾಂಡು ಅವರ ಹಬ್ಬಕ್ಕೆ ಹೋಗ್ಬೇಕು. ಅಧ್ಯಕ್ಷರು ಬರ್ತಾರೆ, ಹೋಗ್ತಾರೆ. ಬ್ಯಾಂಡಿನೋರು ಊಟ ಎಲ್ಲಿದೆ ಅನ್ನೋದನ್ನ ಮರೀತಾರಾ? ಅವರು ಬಂದ ವರ್ಷ ನೀರು, ಬರದಿದ್ದ ವರ್ಷ ವಾಲ್ವ್ ಬಂದ್!" ಎಂದು ತಾವೇ ಮೊದಲು ಕೈಯೆತ್ತಿದರು. ಅಡುಗೆಯ ಹೆಂಗಸರ ಕೈಗಳೆಲ್ಲ ಎದ್ದವು. ಆ ಹೆಂಗಸರನ್ನು ಎದುರು ಹಾಕಿಕೊಂಡು ಮನೆಗೆ ಹೋಗಿ ಊಟ ಕೇಳುವ ಧೈರ್ಯ ಯಾವ ಗಂಡಸಿಗಿತ್ತು? ಕೊನೆಗೆ, ಮೀಸೆ ಕಡಿಯುತ್ತ, ಕ್ಲೆಟೊನೂ ಕೈಯೆತ್ತಿದ.

ಮಾರನೆಯ ದಿನದಿಂದಲೇ ಎರಡೂ ಊರು ಸಲಿಕೆ ಹಿಡಿದವು. ಪೈಪಿನೊಳಗಿನ ಮೊಟ್ಟೆಗಳನ್ನು ತೆಗೆದು, ದಿಣ್ಣೆ ಅಗೆದು ಪೈಪು ಹೂತೆವು. ಬೇಕಾಗಿಯೇ ಇರಲಿಲ್ಲ, ಆದರೂ ಆಗೆದಾದ ಗಂಡಸರು ನಮ್ಮ ಗಡಿಯೊಳಗೂ ಅಗೆದುಕೊಟ್ಟರು. ಗಡಿ ಎಲ್ಲಿದೆ ಎಂದು ಅವತ್ತು ಯಾರಿಗೂ ನೆನಪಾಗಲಿಲ್ಲ. ತೊಟ್ಟಿಯ ಬಾಯಲ್ಲಿ ಪೈಪು ಮೊದಲು ಕೆಮ್ಮಿತು, ಹೊಸದಾಗಿ ತುತ್ತೂರಿ ಕಲಿಯುವವನ ಹಾಗೆ ಪುಸ್ ಎಂದಿತು, ಆಮೇಲೆ ನೀರು ಬಂತು. ಇಲ್ಲಿ ನಾನು ಏನನ್ನೂ ಸೇರಿಸುವುದಿಲ್ಲ: ತೋಳಿನಷ್ಟು ದಪ್ಪ, ತಣ್ಣಗೆ, ನಿಲ್ಲದೆ ಬಂತು. ಎಲ್ಪಿದಿಯಾ ಬೊಗಸೆಯೊಡ್ಡಿ ಮೊದಲ ನೀರನ್ನು ತೌರೀನೊನ ಕೈಗೆ ಸುರಿದರು. ಅವನು ಕುಡಿಯಲಿಲ್ಲ, ಮುಖಕ್ಕೆ ಒತ್ತಿಕೊಂಡು ನಿಂತ. ಆ ಸಂಜೆ ಕೆಳಗಿನ ಕೇರಿಯಿಂದ ತಗಡಿಗೆ ಮೊಳೆ ಹೊಡೆಯುವ ಸದ್ದು ಬರುತ್ತಲೇ ಇತ್ತು. ನಾವು ಬ್ಯಾಂಡು ಹಿಡಿದು ಹೊರಟವರು ವಾದ್ಯ ಕೆಳಗಿಟ್ಟು ಆ ಸದ್ದನ್ನೇ ಕೇಳುತ್ತ ಕೂತೆವು.

ಅಂದಿನಿಂದ ಕಂಡಕಂಡವರಿಗೆಲ್ಲ ನಾನು ಹೇಳತೊಡಗಿದೆ: ಈ ಊರಿನ ನೀರು ನನ್ನ ಉಸಿರಿನ ಮೇಲೆ ಹರಿಯುತ್ತದೆ, ಟ್ಯೂಬಾ ನಿಂತರೆ ನಲ್ಲಿ ನಿಲ್ಲುತ್ತದೆ.

ವರ್ಷ ಮುಗಿಯಿತು. ಕೊನೆಯ ಸಭೆಯಲ್ಲಿ ಜನ ಸಾಲಾಗಿ ಬಂದು ಎಲ್ಪಿದಿಯಾ ಅವರ ಕೈ ಹಿಡಿದು ಋಣವಾಯಿತು ಎಂದರು. ಸಾಲು ಎಷ್ಟು ಉದ್ದವಿತ್ತೆಂದರೆ ಅದರ ಬಾಲ ಮುಂದಿನ ವರ್ಷದಲ್ಲಿತ್ತು. ಅವರು ಎಲ್ಲರಿಗೂ ಒಂದೇ ಮಾತು ಹೇಳಿದರು: "ನೀವು ಹೊತ್ರಿ, ನಾನು ದಾರಿ ತೋರಿಸ್ದೆ. ಋಣ ನಂದೂ ಇದೆ." ದಂಡವನ್ನು ಹೊಸಬರಿಗೆ ಕೊಟ್ಟು, "ನಲ್ಲಿ ಸೋರಿದ್ರೆ ಇನ್ಮೇಲೆ ಇವರನ್ನ ಕೇಳಿ, ನನ್ನ ಮನೆ ಬಾಗಿಲು ಬಡೀಬೇಡಿ," ಎಂದು ನಗಿಸಿ ಬೆಂಚಿಗೆ ಬಂದು ಕೂತರು.

ಕೂತವರು ಮತ್ತೆ ಕೈಯೆತ್ತಿದರು. "ನೀರು ಸಮಿತಿಗೆ ಹೆಸರು ಆಗಿಲ್ಲ. ನಾನೊಂದು ಹೆಸರು ಹೇಳ್ತೀನಿ. ನಮ್ಮ ಕೊಂಪಾದ್ರೆ ಬೊನಿಫಾಸಿಯೊ."

ನಾನು ನೆಗೆದೆದ್ದೆ. "ಕೊಮಾದ್ರೆ! ಬ್ಯಾಂಡಿನೋರಿಗೆ ಬೇರೆ ಹುದ್ದೆ ಇಲ್ಲ! ಅಜ್ಜನ ಕಾಲದಿಂದ ಇರೋ ಕಟ್ಟಳೆ!"

"ನೀರು ನಿಮ್ಮ ಉಸಿರಿನ ಮೇಲೆ ಹರೀತದೆ ಅಂತ ನೀವೇ ಹೇಳ್ತೀರಲ್ಲಾ. ನಿಮ್ಮನ್ನ ಬಿಟ್ಟು ಬೇರೆಯೋರ ಕೈಗೆ ಕೊಟ್ರೆ ನಮಗೆ ಭಯ."

ಕೈಗಳು ಎದ್ದವು. ತೌರೀನೊನವು ಎರಡೂ ಎದ್ದವು.

ಈಗ ವಾರವಾರ ದಿಣ್ಣೆ ಹತ್ತಿ ಒರತೆಯ ಎಲೆ ತೆಗೆಯುವವನು ನಾನು. ಸಂಬಳವಿಲ್ಲ, ತೋಟಕ್ಕೆ ಕಳೆ ಬಂದಿದೆ, ಮೊಣಕಾಲು ನೋಯುತ್ತದೆ. ದೋನ್ಯಾ ನಿಂಫಾ ಮೇಲೆ ಬಿಸಿ ತಮಾಲೆ ಕಡುಬು ಇಟ್ಟುಕೊಂಡು ಕಾಯುತ್ತಾರೆ. ತಿಂದು, ವಾಲ್ವಿಗೆ ಕಿವಿಯಿಟ್ಟು ಕೇಳುತ್ತೇನೆ. ಒಳಗೆ ನೀರು ನಮ್ಮ ಊರಿನ ಕಡೆಗೆ ಇಳಿಯುತ್ತಿರುತ್ತದೆ. ಎಲ್ಪಿದಿಯಾ ಅವರನ್ನು ಮನಸ್ಸಿನಲ್ಲೇ ಬಹುವಚನದಲ್ಲಿ ಬೈಯುತ್ತೇನೆ, ಬಹುವಚನದಲ್ಲೇ ಹರಸುತ್ತೇನೆ, ಎಲೆ ತುಂಬಿದ ಬುಟ್ಟಿ ಹೊತ್ತು ಇಳಿಯುತ್ತೇನೆ.